ಲೆಕ್ಕಕ್ಕ ಹಿಡೀದ ಒಂದು ಸುತ್ತು

ಕರೆಂಟ್ ನನ್ನನ್ನ ಮೂರು ಸಲ ಒದ್ದೈತಿ. ಎರಡು ಸಲ ತಪ್ಪು ನಂದು, ಒಂದು ಸಲ ಮೇಸ್ತ್ರಿದು. ಮೂರೂ ಸಲ ಬೈಸ್ಕೊಂಡಾಕಿ ಮಾತ್ರ ನಾನ.

ಇದನ್ನ ಬರಿ ಅಂತ ಗಂಟು ಬಿದ್ದಾಕಿ ನನ್ನ ಮೊಮ್ಮಗಳು ಸವಿತಾ. ಆಕಿ, ಆಕಿ ಗೆಳತ್ಯಾರು ಇಬ್ಬರು, ಹ್ಯಾಮ್ ರೇಡಿಯೋ ಲೈಸೆನ್ಸಿನ ಪರೀಕ್ಷಾಕ್ಕ ಓದಾಕತ್ತಾರ. ಹ್ಯಾಮ್ ಅಂದ್ರ ಮನ್ಯಾಗ ಕುಂತು ತಮ್ಮದ ರೇಡಿಯೋಲೆ ದೂರದೂರದವರ ಕೂಡ ಮಾತಾಡೂ ಹವ್ಯಾಸ. ಅದಕ್ಕ ಲೈಸೆನ್ಸ್ ಬೇಕು, ಲೈಸೆನ್ಸಿಗೆ ಪರೀಕ್ಷಾ ಆಗಬೇಕು. ಕೈಯಾಗ ಮೊಬೈಲ್ ಇಟ್ಕೊಂಡು ಈ ಉಸಾಬರಿ ಯಾಕ ಅಂತ ಕೇಳಿದೆ. ಮೊಬೈಲ್ ಕಂಪನ್ಯಾರದು ಆಯಿ, ಇದು ನಮ್ಮದ ಅಂದ್ಲು. ಆ ಮಾತು ನನಗ ಸೇರಿತು.

ಹೋದ ತಿಂಗಳ ಆಕಿ ಗೆಳತಿ, ಮುಶಿಗೇರಿ ರೇಣುಕಾ, ತಮ್ಮ ಅಟ್ಟದ ಮ್ಯಾಲಿದ್ದ ಹಳೇ ರೇಡಿಯೋ ಒಂದನ್ನ ಬಿಚ್ಚಿ ಕಲಿಯೂಣು ಅಂತ ನಮ್ಮ ಮನಿಗೆ ತಂದ್ಲು. ಹಿಂದಿನ ಮುಚ್ಚಳ ತಗದ್ರು. ಒಳಗ ಒಂದು ಚೀಟಿ ಅಂಟಿಸಿತ್ತು. "ಈ ರೇಡಿಯೋ ತಪ್ಪು ಐತಿ. ಯಾರೂ ಸರಿ ಮಾಡಬಾರದು" ಅಂತ ಬರದು, ಕೆಳಗ ನನ್ನ ಸಹಿ, ನನ್ನ ಪರ್ಮಿಟ್ ನಂಬರು.

ಹುಡುಗ್ಯಾರು ಹೊಟ್ಟಿ ಹಿಡಕೊಂಡು ನಕ್ಕರು. ಆಮ್ಯಾಲ ಕೇಳಿದ್ರು. ಒಂದ ಮಾತಿನ್ಯಾಗ ಹೇಳೂ ಹಂಗಿದ್ರ ಹೇಳಿ ಮುಗಸತಿದ್ದೆ, ಹಂಗಿಲ್ಲ. ಅದಕ್ಕ ಬರದೇನಿ.

ನಾನು ನಾಲ್ಕನೇತ್ತ ಕಲ್ತಾಕಿ. ಅಕ್ಷರ ತಪ್ಪಿದ್ರ ಸವಿತಾ ತಿದ್ದಲಿ, ಮಾತು ತಿದ್ದಬ್ಯಾಡ ಅಂತ ಹೇಳೇನಿ. ಇದರಾಗ ನನ್ನ ಕಣ್ಣೀರು ಹುಡುಕಬ್ಯಾಡ್ರಿ, ಸಿಗೂದಿಲ್ಲ. ಗಂಡ ಇದ್ದ, ಹಮಾಲಿ ಮಾಡತಿದ್ದ, ಚಲೋ ಮನಷ್ಯಾ. ಅಂವಗೂ ಈ ಕಥಿಗೂ ಸಂಬಂಧ ಇಲ್ಲ.

ಗಜೇಂದ್ರಗಡದ ನೇಕಾರರ ಓಣ್ಯಾಗ ನಾನು ಕಂಡಕಿ ಸುತ್ತತಿದ್ದೆ. ಕಂಡಕಿ ಅಂದ್ರ ಮಗ್ಗದ ಲಾಳ್ಯಾಗ ಕೂಡಸೂ ನೂಲಿನ ಸಣ್ಣ ಸುರುಳಿ. ಬಜಾರದಾಗ ಚನ್ನಪ್ಪ ಮೇಸ್ತ್ರಿಯವರ ಅಂಗಡಿ ಇತ್ತು. ಸುಟ್ಟ ಮೋಟರ್ ಸುತ್ತೂದು, ರೇಡಿಯೋ ರಿಪೇರಿ, ಮನಿಗಳ ವಾಯರಿಂಗ್, ಎಲ್ಲಾ ಅವರ ಮಾಡತಿದ್ರು. ಸುತ್ತೂ ಕೆಲಸದಾಂವ ಬಿಟ್ಟು ಹೋಗಿದ್ದ. ಒಂದಿನ ಹೆಂಡ್ತಿಗೆ ಸೀರಿ ನೋಡಾಕ ನಮ್ಮ ಓಣಿಗೆ ಬಂದಾವ್ರು ನನ್ನ ಬುಟ್ಟ್ಯಾಗಿನ ಒಂದು ಕಂಡಕಿ ಎತ್ತಿ, ಕನ್ನಡಕ ಹಣಿಗೇರಿಸಿ ನೋಡಿದ್ರು. ಎಳಿ ಮ್ಯಾಲ ಎಳಿ ಏರಿರಲಿಲ್ಲ. ತಾಮ್ರದ ತಂತಿ ಸುತ್ತತಿ ಏನು ಅಂತ ಕೇಳಿದ್ರು. ತಂತಿ ಕೈಗೆ ಹತ್ತತೈತೇನ್ರಿ ಅಂದೆ. ಹತ್ತೂದು ಕರೆಂಟು, ತಂತಿ ಅಲ್ಲ ಅಂದ್ರು. ಮರುದಿನ ಹೋದೆ. ಸೀರಿ ಅವರು ಒಯ್ಯಲಿಲ್ಲ, ನನ್ನ ಒಯ್ದ್ರು ಅಂತ ಅವರ ಹೆಂಡ್ತಿ ಕಡೀತನಕ ಚಾಷ್ಟಿ ಮಾಡತಿದ್ಲು.

ನೂಲು, ತಂತಿ ಎರಡೂ ಒಂದ ಅಂತ ನಾನು ತಿಳದಿದ್ದೆ. ಹದಿನೈದು ದಿನದಾಗ ಗೊತ್ತಾತು. ಅಸೂಟಿಯವರೊಬ್ಬರ ಪಂಪಿನ ಮೋಟರ್ ಸುತ್ತುವಾಗ ತಂತಿ ತುಂಡಾತು. ನೂಲು ಹರದ್ರ ನೇಕಾರರು ಏನ ಮಾಡತಾರ, ಗಂಟು ಹಾಕತಾರ. ನಾನೂ ಹಾಕಿದೆ. ಸಣ್ಣ ಗಂಟು, ಬೆರಳಿಗೆ ಸಿಗದಂಥಾದ್ದು. ಮೋಟರ್ ಒಯ್ದ ರೈತ ಮೂರನೇ ದಿನ ಚಕ್ಕಡ್ಯಾಗ ಹೇರಿಕೊಂಡು ತಿರುಗಿ ಬಂದ. ಮೋಟರ್ ಮುಕ್ಕತೈತಿ, ತಿರುಗವಲ್ದು ಅಂದ. ಮೇಸ್ತ್ರಿ ಬಿಚ್ಚಿ ಗಂಟು ಹುಡುಕಾಕ ಅರ್ಧ ತಾಸು ಹಿಡೀತು. ಸಿಕ್ಕ ಮ್ಯಾಲ ನನ್ನ ಕರದು ತೋರಿಸಿದ್ರು.

"ಗಂಟು ಭಾಳ ಚಲೋ ಹಾಕೀದಿ ನೀಲವ್ವ. ಸೀರಿ ಆಗಿದ್ರ ಯಾರಿಗೂ ಕಾಣತಿರಲಿಲ್ಲ."

ಆ ತಂತಿ ಮ್ಯಾಲ ಕಣ್ಣಿಗೆ ಕಾಣದಂಥಾ ವಾರ್ನಿಷ್ ಇರತೈತಿ. ಅದನ್ನ ಕೆರದು, ಬೆಸಗಿ ಹಾಕಿ, ಮ್ಯಾಲ ಅಂಗಿ ತೋಳಿನಂಥಾ ಕೊಳವಿ ತೊಡಸಬೇಕು. ಇಲ್ಲಂದ್ರ ಎರಡು ತಂತಿ ಅಪ್ಪಿಕೊಂಡು ಕುಂತ್ರೂ ಒಂದರ ಕರೆಂಟು ಇನ್ನೊಂದಕ್ಕ ದಾಟೂದಿಲ್ಲ. ಹುಡುಗ್ಯಾರ, ನಿಮ್ಮ ಪುಸ್ತಕದಾಗ ಇದಕ್ಕ ಇನ್ಸುಲೇಷನ್ ಅಂತ ಒಂದ ಸಾಲು ಐತಿ. ನನಗ ಒಂದು ಚಕ್ಕಡಿ ಬೇಕಾತು.

ಮೊದಲನೇ ಒದಿಕಿ ಕಂಡೆನ್ಸರಿಂದು; ಉಳದ ಎರಡು ನನ್ನ ಅವಸರದವು, ಅವನ್ನ ಬಿಡ್ರಿ. ದೊಡ್ಡ ರೇಡಿಯೋ ಒಂದರ ಪ್ಲಗ್ ನಾನ ಕಿತ್ತಿದ್ದೆ. ಕಿತ್ತ ಮ್ಯಾಲ ಅಂಜಿಕಿ ಏನು ಅಂತ ಒಳಗ ಕೈ ಹಾಕಿದೆ. ಎದ್ದಾಗ ನಾನು ಬಾಗಲ ಕಡೆ ಇದ್ದೆ, ನನ್ನ ಚಪ್ಪಲಿ ಮೇಜಿನ ಕಡೆ ಇತ್ತು. ಕರೆಂಟು ಹೋಗೇತಿ, ಆದ್ರ ಕಂಡೆನ್ಸರ್ ತನ್ನ ಪಾಲಿಂದು ಹಿಡಕೊಂಡು ಕುಂತಿರತೈತಿ ಅಂತ ಮೇಸ್ತ್ರಿ ಆಮ್ಯಾಲ ಹೇಳಿದ್ರು. ಮೊದಲ ಹೇಳಿರಲಿಲ್ಲ, ಅದಕ್ಕ ಆ ತಪ್ಪು ಅವರದು. ನನ್ನ ಅತ್ತಿ ಆ ಕಂಡೆನ್ಸರಿನಂಗ ಇದ್ಲು. ಜಗಳ ಮುಗದು, ಉಂಡು, ಎಲಿ ಅಡಿಕಿ ಹಾಕ್ಕೊಂಡು, ಎಲ್ಲಾ ಶಾಂತ ಆತು ಅನ್ನೂವಾಗ ಹಿಂದಿನ ಮಾತು ತಗದು ಒಂದು ಬಾರಿಸತಿದ್ಲು. ಅವತ್ತಿಂದ ನಾನು ಕಂಡೆನ್ಸರ್ ಮುಟ್ಟೂಕ್ಕಿಂತ ಮೊದಲ ಅದರ ಸಿಟ್ಟು ಇಳಸತಿದ್ದೆ. ಅತ್ತಿಗೆ ಅಂಥಾ ಉಪಾಯ ಸಿಗಲಿಲ್ಲ.

ವೋಲ್ಟು, ಆಂಪಿಯರು, ಓಮು ಈ ಮೂರನ್ನ ಮೇಸ್ತ್ರಿ ನನಗ ರೋಣದ ಸಂತಿ ದಿನ ಬಸ್ಸಿನ ಮುಂದ ನಿಂತು ಕಲಸಿದ್ರು. ಸಾಮಾನು ತರಾಕ ಇಬ್ಬರೂ ಹೋಗಿದ್ವಿ. ತಿರುಗಿ ಬರೂ ಬಸ್ಸಿಗೆ ಮಂದಿ ಒತ್ತತಿದ್ರು. ಹಿಂದಿನವರು ದಬ್ಬೂದು ವೋಲ್ಟು ಅಂದ್ರು. ಬಾಗಲು ಸಣ್ಣದಿರೂದು ಓಮು. ಒಂದು ನಿಮಿಷಕ್ಕ ಎಷ್ಟು ಮಂದಿ ಒಳಗ ಹೋದ್ರು ಅನ್ನೂದು ಆಂಪಿಯರು. ದಬ್ಬೂದು ಜಾಸ್ತಿ ಆದ್ರ ಮಂದಿ ಜಾಸ್ತಿ ಹೋಗತಾರ, ಬಾಗಲದಾಗ ಯಾರರ ಜ್ವಾಳದ ಚೀಲ ಇಟ್ರ ಕಮ್ಮಿ ಹೋಗತಾರ. ನಾನು ತಿಳಕೊಳ್ಳೂ ಹೊತ್ತಿಗೆ ಬಸ್ಸು ಹೋತು. ಮುಂದಿನ ಬಸ್ಸಿಗೆ ಕಾಯುವಾಗ ಇನ್ನೊಂದು ಸಲ ಹೇಳಿಸ್ಕೊಂಡೆ.

ಅವರು ನನಗ ಬೈತಿದ್ದದ್ದು ಹೆಚ್ಚಾಗಿ ಒಂದ ಮಾತಿಗೆ. ನಾನು ಸುತ್ತಿದ ಸುರುಳಿಗೆ ಬಾಲ ಇರತಿರಲಿಲ್ಲ. ಸುರುಳಿ ಎರಡೂ ತುದಿಗೆ ಒಂದು ಗೇಣು ತಂತಿ ಬಿಡಬೇಕು, ಅದನ್ನ ಒಯ್ದು ಬೆಸಗಿ ಹಾಕಬೇಕು. ನನ್ನವು ನೇಕಾರರ ಓಣಿ ಕೈ, ಎಳಿ ಹಾಳ ಮಾಡಾಕ ಮನಸಾಗೂದಿಲ್ಲ. ಮೊದಲನೇ ತುದೀನ ಸುತ್ತಿನ ಕೆಳಗ ಸಿಗಸಿಬಿಡತಿದ್ದೆ. ನಿನ್ನ ಸುರುಳಿ ಚಂದ, ಬಾಲ ಇಲ್ಲದ ಎತ್ತು ಇದ್ದಂಗ ಅಂತಿದ್ರು. ಬೈದು ಬೈದು ಅವರಿಗೆ ಬ್ಯಾಸರಾತು, ನನಗ ರೂಢಿ ಆತು.

ನಮ್ಮ ಅಂಗಡಿ ರೇಡಿಯೋಕ್ಕ ಇನ್ನೊಂದು ಕೆಟ್ಟ ಹೆಸರಿತ್ತು. ನಮ್ಮಲ್ಲಿ ಕಾಯಿಲ್, ಅಂದ್ರ ಒಳಗಿನ ತಂತಿ ಸುರುಳಿ, ಬದಲಾಗಿ ಹೋದ ರೇಡಿಯೋದಾಗ ಸ್ಟೇಷನ್ ಇರೂ ಜಾಗಾದಾಗ ಇರತಿರಲಿಲ್ಲ. ಮುಳ್ಳು ಎರಡು ಬೆರಳು ಬಲಕ್ಕ ಹೋದ ಮ್ಯಾಲ ಧಾರವಾಡ ಬರತಿತ್ತು. ಮೇಸ್ತ್ರಿ ತಲಿ ಕೆಡಿಸ್ಕೊಂಡು ಕಂಡೆನ್ಸರ್ ಬದಲಾಯಿಸತಿದ್ರು, ತಂತಿ ಮಾರಿದವ್ರಿಗೆ ಬೈತಿದ್ರು, ಸಣ್ಣ ಸ್ಕ್ರೂ ತಿರುವಿ ತಿರುವಿ ಅದರ ತಲಿ ಸವಸತಿದ್ರು. ಮೋಟರ್ ಮಷೀನಿನ ಮ್ಯಾಲ ಸುತ್ತೂದು, ಸುತ್ತು ಎಣಿಸೂ ಮುಳ್ಳು ಅದಕ್ಕ ಇತ್ತು, ಹಂಗಾಗಿ ಮೋಟರ್ ತಂಟೆ ಇರಲಿಲ್ಲ. ರೇಡಿಯೋ ಕಾಯಿಲ್ ಮಾತ್ರ ಕೈಲೆ. ಗಿರಾಕಿಗಳು ಹೊಂದಿಕೊಂಡ್ರು. ಗಜೇಂದ್ರಗಡದ ನೀರಿನ ಗುಣ ಇರಬೇಕು ಅಂತ ಒಬ್ಬರು ಹೇಳಿದ್ರು. ಮೇಸ್ತ್ರಿ ಅದನ್ನೂ ಒಂದು ದಿನ ವಿಚಾರ ಮಾಡಿದ್ರು.

ಈಗ ನರಗುಂದದ ತುಳಸಿ ಕಟ್ಟಿ ಮಾತು. ಅಲ್ಲಿ ಒಬ್ಬ ವ್ಯಾಪಾರಸ್ಥರ ಮನಿಗೆ ನೀರೆತ್ತೂ ಮೋಟರ್ ಕೂಡಿಸಿದ್ವಿ. ಮೋಟರಿಗೆ ಅರ್ಥಿಂಗ್ ಕೊಡಬೇಕು, ಅಂದ್ರ ಅದರ ಮೈಯಿಂದ ಒಂದು ತಂತಿ ಭೂಮಿಗೆ. ಒಳಗ ಎಲ್ಲೆರ ಕರೆಂಟು ಸೋರಿದ್ರ ಮನಷ್ಯಾರನ್ನ ಬಿಟ್ಟು ಆ ದಾರಿ ಹಿಡದು ಮಣ್ಣಿಗೆ ಹೋಗತೈತಿ. ಆದ್ರ ಮಣ್ಣು ಹಸಿ ಇರಬೇಕು. ನಮ್ಮ ಕಡೆ ಎರಿ ಮಣ್ಣು ಬ್ಯಾಸಗ್ಯಾಗ ಒಂದು ಮೊಳ ಬಿರಿತೈತಿ. ಮನಿ ಆವರಣದಾಗ ವರ್ಷಪೂರ್ತಿ ಹಸಿ ಇರೂ ಜಾಗಾ ತುಳಸಿ ಕಟ್ಟಿ ಬುಡ ಒಂದ. ದಿನಾ ಮುಂಜಾನಿ ಒಂದು ತಂಬಗಿ ನೀರು ತಪ್ಪೂದಿಲ್ಲ. ಅಲ್ಲೇ ಹೂಳಿದ್ರಾತು ಅಂದಾಕಿ ನಾನು. ಮೇಸ್ತ್ರಿ ಒಪ್ಪಿದ್ರು.

ಎರಡು ವರ್ಷ ಚಲೋ ನಡೀತು. ಮೂರನೇ ಬ್ಯಾಸಗ್ಯಾಗ ಆ ಮನಿ ಹಿರೇರು ತೀರಿಕೊಂಡ್ರು. ಒಂದು ವಾರ ಆದ ಮ್ಯಾಲ ಹೇಳಿ ಕಳಿಸಿದ್ರು. ಮೋಟರ್ ಮುಟ್ಟಿದ ಸೊಸೀಗೆ ಝುಮ್ ಅಂತ ಹೊಡದಿತ್ತು. ಬದುಕಿದ್ದಾಗ ಹಿರೇರು ಆ ಮೋಟರ್ ಯಾರಿಗೂ ಮುಟ್ಟಾಕ ಬಿಡತಿರಲಿಲ್ಲಂತ. ಸತ್ತ ಮ್ಯಾಲೂ ಬಿಡವಲ್ರು ಅಂತ ಮನಿ ಮಂದಿ ತೀರ್ಮಾನ ಮಾಡಿ, ಶಾಂತಿ ಮಾಡಸಾಕ ಆಚಾರ್ಯರನ್ನ ಕರೆಸಿದ್ರು. ಆಚಾರ್ಯರು ಒಂದು ಕಡೆ ಕುಂತಿದ್ರು, ನಾವು ಒಂದು ಕಡೆ. ನಾನು ತುಳಸಿ ಕಟ್ಟಿ ನೋಡಿದೆ. ಬುಡ ಬಿರದಿತ್ತು. ನೀರು ಯಾರೂ ಹಾಕಿಲ್ಲೇನ್ರಿ ಅಂದೆ. ಸೂತಕದಾಗ ತುಳಸಿ ಮುಟ್ಟಬಾರದು ಅಂದ್ರು, ಅದು ಅವರ ಮನಿ ಪದ್ಧತಿ. ನನಗ ಸೂತಕ ಇರಲಿಲ್ಲ. ಎರಡು ಕೊಡ ನೀರು ನಾನ ಸುರುವಿದೆ. ಹೊಡಿಯೂದು ನಿಂತಿತು. ಆಚಾರ್ಯರು ಚಪ್ಪಲಿ ಹಾಕ್ಕೊಂಡು, ಇನ್ನ ನಾನು ಬರತೇನಿ, ಇದು ಈ ತಾಯಿ ಇಲಾಖೆ ಅಂದ್ರು.

ನಾನು ಹಿಗ್ಗಿದೆ. ಮೇಸ್ತ್ರಿ ಹಿಗ್ಗಲಿಲ್ಲ. ಅರ್ಥಿಂಗ್ ಕಳ್ಳನ್ನ ಮುಚ್ಚಿಟ್ಟಿತ್ತು ಅಷ್ಟ, ಕಳ್ಳ ಇನ್ನೂ ಮೋಟರಿನೊಳಗ ಅದಾನ ಅಂದ್ರು. ಬಿಚ್ಚಿ ನೋಡಿದ್ರ ಖರೇನ ಒಂದು ಕಡೆ ತಂತಿ ಮೈಗೆ ತಾಗಿತ್ತು. ಅದನ್ನ ಸರಿ ಮಾಡಿ ಬಂದ್ವಿ. ಬ್ಯಾನಿ ಕಡಿಮೆ ಆದ ಕೂಡ್ಲೆ ರೋಗ ಹೋತು ಅಂತ ತಿಳಕೊಳ್ಳೂದು ನನ್ನ ಹಳೇ ಚಟ, ಅವತ್ತು ಬಿಟ್ಟಿತು.

ಇಷ್ಟು ವರ್ಷ ನಾನು ಮಾಡಿದ ಕೆಲಸಕ್ಕೆಲ್ಲಾ ಸಹಿ ಮೇಸ್ತ್ರಿದು. ವಾಯರಿಂಗ್ ಮಾಡಾಕ ಪರ್ಮಿಟ್ ಬೇಕು, ಪರ್ಮಿಟ್ ಅವರ ಹೆಸರಿಲೆ ಇತ್ತು. ಅವರ ಕಣ್ಣು ಹೋಗಾಕತ್ತಿದ್ವು. ಮೊದಲು ತಂತಿ ಬಣ್ಣ ಕೇಳತಿದ್ರು, ಆಮ್ಯಾಲ ತಂತಿ ಎಲ್ಲೈತಿ ಅಂತ ಕೇಳಾಕತ್ತಿದ್ರು. ದವಾಖಾನ್ಯಾಗ ಆಪರೇಷನ್ ಆದ್ರೂ ಸುಧಾರಸಲಿಲ್ಲ. ಕಣ್ಣು ಕಾಣದವರ ಪರ್ಮಿಟ್ ಮುಂದ ನಡಿಯೂಹಂಗಿರಲಿಲ್ಲ. ಅವರ ಅಳಿಯ ಬಂದು ಅಂಗಡಿ ಅಳತಿ ಹಿಡದು ಹೋದ. ಯುಗಾದಿಗೆ ಅಲ್ಲಿ ಬಳಿ ಅಂಗಡಿ ಹಾಕಾಂವ ಇದ್ದ. ಅಂವ ಕೆಟ್ಟಾಂವ ಅಲ್ಲ. ಪರ್ಮಿಟ್ ಇಲ್ಲದ ಅಂಗಡಿ ಇಟ್ಕೊಂಡು ಏನ ಮಾಡತೀರಿ ಮಾವ ಅಂತ ಕೇಳಿದ, ಅದು ಸರಿ ಇತ್ತು. ನನಗೂ ಒಂದು ಮಾತು ಹೇಳಿದ. ಬಳಿ ತೊಡಸಾಕ ಬರ್ರಿ, ನಿಮ್ಮ ಕೈ ಹಗೂರ ಅದಾವ ಅಂದ.

ನನಗ ಬಳಿ ತೊಡಸೂದು ಬ್ಯಾಡಾಗಿತ್ತು. ತಿರುಗಿ ಕಂಡಕಿಗೆ ಹೋಗೂದೂ ಬ್ಯಾಡಾಗಿತ್ತು. ಆವಾಗ ಇಷ್ಟು ವರ್ಷ ಕೆಲಸ ಮಾಡೇನಿ ಅಂತ ಅನುಭವದ ಕಾಗದ ಇದ್ದವರಿಗೆ ಬಾಯಿಪರೀಕ್ಷಾ, ಕೈಪರೀಕ್ಷಾ ತಗೊಂಡು ಪರ್ಮಿಟ್ ಕೊಡತಿದ್ರು. ಮೇಸ್ತ್ರಿ ಕಾಗದ ಬರಸಿದ್ರು, ಸಹಿ ಮಾಡೂ ಜಾಗಾದಾಗ ಅವರ ಬೆರಳು ಹಿಡದು ಇಟ್ಟಾಕಿ ನಾನು. ಯುಗಾದಿ ಒಳಗ ಪರ್ಮಿಟ್ ಬಂದ್ರ ಅಂಗಡಿ ನೀನ ನಡಸು, ಇಲ್ಲಂದ್ರ ಅಳಿಯಂದು ಅಂದ್ರು.

ಪರೀಕ್ಷಾ ಕಚೇರ್ಯಾಗ ನಾನು ಒಬ್ಬಾಕಿ ಹೆಣಮಗಳು. ಯಾರನ್ನ ಕರಕೊಂಡು ಬಂದೀರಿ ಅಂತ ಸಿಪಾಯಿ ಕೇಳಿದ. ನನ್ನನ್ನ ನಾನ ಅಂದೆ. ಒಳಗ ಪರೀಕ್ಷಾ ಮಾಡೂ ಸಾಹೇಬ್ರು ಇದ್ರು, ಬಿಳಿ ಕೂದಲಿನವರು, ನಗೂ ಮಾರಿ ಅಲ್ಲ. ಅರ್ಥಿಂಗ್ ಎಲ್ಲಿ ಮಾಡತೀರಿ ಅಂತ ಕೇಳಿದ್ರು. ತುಳಸಿ ಕಟ್ಟಿ ಬುಡಕ್ಕರಿ ಅಂದೆ. ಹಿಂದ ಕುಂತವರೆಲ್ಲಾ ನಕ್ಕರು. ಸಾಹೇಬ್ರು ನಗಲಿಲ್ಲ, ಯಾಕ ಅಂದ್ರು. ಹಸಿ, ಎರಿ ಮಣ್ಣು, ಸೂತಕ, ಎಲ್ಲಾ ಹೇಳಿದೆ. ಕಾಗದದ ಮ್ಯಾಲ ಏನೋ ಗೀಚಿದ್ರು. ಗೀಚಿದ್ದು ಚಲೋದ ಅಂತ ಅನಸಿತು.

ನನ್ನ ಕಾಗದದಾಗ ಕಾಯಿಲ್ ಸುತ್ತತಾಳ ಅಂತ ಇತ್ತು. ಅದಕ್ಕ ಒಂದು ಸಣ್ಣ ಪೈಪು, ತಂತಿ ಕೊಟ್ಟು, ಹತ್ತು ಸುತ್ತು ಹಾಕ್ರಿ ಅಂದ್ರು. ಇದು ಪರೀಕ್ಷೇನ ಅಲ್ಲ, ಉಂಡಿ ತಿನ್ನಾಕ ಕೊಟ್ಟಂಗ ಅಂತ ತಿಳದು ಸರಸರ ಸುತ್ತಿ ಕೊಟ್ಟೆ. ಸಾಹೇಬ್ರು ಪೆನ್ಸಿಲ್ ತುದೀಲೆ ಎಣಿಸಿದ್ರು. ಇನ್ನೊಂದು ಸಲ ಎಣಿಸಿದ್ರು.

"ಹನ್ನೊಂದು ಅದಾವ."

ಹತ್ತು ಅದಾವ್ರಿ ಅಂದೆ. ನೀವ ಎಣಿಸ್ರಿ ಅಂದ್ರು. ನಾನು ಬೆರಳಿಟ್ಟು ಎಣಿಸಿದೆ. ಲಾಭ, ಒಂದು, ಎರಡು, ಮೂರು, ಹಿಂಗ ಹತ್ತರ ತನಕ. ಹತ್ತ ಇದ್ವು. ಲಾಭ ಅಂದ್ರ ಏನು ಅಂತ ಕೇಳಿದ್ರು. ಅದು ದೇವರದ್ರಿ, ಲೆಕ್ಕಕ್ಕ ಹಿಡ್ಯೂದಿಲ್ಲ ಅಂದೆ.

ನಮ್ಮಪ್ಪ ಲಕ್ಕಲಕಟ್ಟ್ಯಾಗ ಗುಡಿ ಹೊಲದ ರಾಶಿ ಅಳಿತಿದ್ದ. ಎಲ್ಲಾ ಕಡೆ ಅಳಿಯೂವಾಗ ಒಂದು ಅನ್ನೂ ಬದಲಿ ಲಾಭ ಅಂತಾರ. ಆದ್ರ ಗುಡಿ ಹೊಲದ ರಾಶ್ಯಾಗ ಲಾಭ ಬ್ಯಾರೆ, ಒಂದು ಬ್ಯಾರೆ. ಮೊದಲನೇ ಸೇರು ಲಾಭ ಅಂತ ದೇವರಿಗೆ ತಗದಿಡೂದು, ಆಮ್ಯಾಲ ಒಂದರಿಂದ ಹತ್ತು. ಮತ್ತ ಲಾಭ, ಮತ್ತ ಒಂದರಿಂದ ಹತ್ತು. ನಾನು ಎಣಿಸಾಕ ಕಲ್ತದ್ದು ಸಾಲ್ಯಾಗ ಅಲ್ಲ, ಅಪ್ಪನ ಬಾಜೂ ಕುಂತು ರಾಶಿ ಕಣದಾಗ. ಕಂಡಕಿಗೆ ಎಣಿಕಿ ಬೇಕಾಗಿರಲಿಲ್ಲ, ಅದಕ್ಕ ಅಲ್ಲಿ ಗೊತ್ತಾಗಲಿಲ್ಲ. ರೇಡಿಯೋ ಕಾಯಿಲಿಗೆ ನೂರು ಸುತ್ತು ಅಂದ್ರ ನಾನು ನೂರಾಹತ್ತು ಹಾಕತಿದ್ದೆ, ನೂರ ಹಾಕೇನಿ ಅಂತ ಆಣಿ ಮಾಡತಿದ್ದೆ.

ಸಾಹೇಬ್ರು ಕಾಗದ ಮುಚ್ಚಿದ್ರು. ತುಳಸಿ ಒಪ್ಪತೇನಿ, ಇದನ್ನ ಒಪ್ಪೂದಿಲ್ಲ, ಇನ್ನೊಂದು ಸಲ ಬರ್ರಿ ಅಂದ್ರು. ಇನ್ನೊಂದು ಸಲ ಅಂದ್ರ ಯುಗಾದಿಗೆ ಹದಿನೈದು ದಿನ ಮೊದಲ.

ಅಂಗಡಿಗೆ ಬಂದು ಮೇಸ್ತ್ರಿಗೆ ಹೇಳಿದೆ. ಬೈತಾರ ಅಂತ ತಯಾರಾಗಿ ನಿಂತಿದ್ದೆ. ಅವರು ಕೈಯಾಡಿಸಿ ಹಲಗಿ ಮ್ಯಾಲಿನ ಒಂದು ರೇಡಿಯೋ ತಗದು ತೊಡಿ ಮ್ಯಾಲ ಇಟ್ಕೊಂಡು ಕಿವಿ ತಿರುವಿದ್ರು. ಎರಡು ಬೆರಳು ಬಲಕ್ಕ ಧಾರವಾಡ ಬಂತು. "ಈ ಮುಳ್ಳಿನ ಸಲುವಾಗಿ ನಾನು ಎಷ್ಟು ಕಂಡೆನ್ಸರ್ ಒಗದೇನಿ ಗೊತ್ತೈತೇನು ನೀಲವ್ವ?" ಅಂದ್ರು. ಆಮ್ಯಾಲ ನಗಾಕತ್ತಿದವರು ನಿಂದ್ರಲೇ ಇಲ್ಲ. ಬಾಜೂ ಅಂಗಡಿಯವರು ನೀರು ತಂದು ಕೊಟ್ಟರು.

ಅವತ್ತು ಅವರು ನನಗ ಜೋಕಾಲಿ ಪಾಠ ಹೇಳಿದ್ರು. ನಿಮ್ಮ ಪುಸ್ತಕದಾಗ ರೆಸೊನೆನ್ಸ್ ಅಂತ ಐತಲ್ಲ, ಅದ ಇದು. ಪಂಚಮಿ ಜೋಕಾಲಿ ಹೊತ್ತಿಗೆ ಸರಿಯಾಗಿ ದಬ್ಬಿದ್ರ ಮ್ಯಾಲ ಮ್ಯಾಲ ಏರತೈತಿ, ಹೊತ್ತು ತಪ್ಪಿಸಿ ದಬ್ಬಿದ್ರ ನಿಂತು ಬಿಡತೈತಿ. ರೇಡಿಯೋದೊಳಗ ಕಾಯಿಲ್ಲು, ಕಂಡೆನ್ಸರು ಕೂಡಿ ಒಂದು ಜೋಕಾಲಿ. ಸ್ಟೇಷನ್ ಅಂದ್ರ ದೂರದಿಂದ ದಬ್ಬೂ ಕೈ. ಎರಡರ ತೂಗು ಕೂಡಿದ್ರ ಹಾಡು ಕೇಳತೈತಿ. ಕಾಯಿಲಿನ ಸುತ್ತು ಹೆಚ್ಚು ಮಾಡೂದು ಅಂದ್ರ ಹಗ್ಗ ಉದ್ದ ಮಾಡಿದಂಗ, ಜೋಕಾಲಿ ಸಾವಕಾಶ ಆತು. ಹತ್ತು ಸುತ್ತಿಗೆ ಒಂದು ಹೆಚ್ಚು ಹಾಕಿದ್ರ ತೂಗು ಹನ್ನೊಂದು ಪಾಲಿನ್ಯಾಗ ಒಂದು ಪಾಲು ಕಮ್ಮಿ ಆಗತೈತಿ. ಇಷ್ಟು ವರ್ಷ ಈ ಸುತ್ತಿನ ಊರಾಗ ನಿಮ್ಮಪ್ಪನ ದೇವರು ರೇಡಿಯೋದಾಗ ಪಾಲು ತಗೊಂಡಾನ ಅಂದ್ರು.

ತಪ್ಪು ತಿಳೀತು. ಕೈಗೆ ತಿಳೀಲಿಲ್ಲ. ದಿನಾ ಅಂಗಡ್ಯಾಗ ಹತ್ತು ಸುತ್ತು ಹಾಕತಿದ್ದೆ, ಹನ್ನೊಂದ ಆಗತಿದ್ವು. ಲಾಭ ಅನ್ನೂದಿಲ್ಲ ಅಂತ ಹಲ್ಲು ಕಚ್ಚಿ ಸುತ್ತಿದ್ರ ಎಲ್ಲಿಂದ ಸುರು ಮಾಡಿದೆ ಅನ್ನೂದ ಮರತು ಒಂಬತ್ತು ಆಗತಿದ್ವು. ನಾನು ದೇವರಿಗೆ ಅಷ್ಟು ಅಂಜಾಕಿ ಅಲ್ಲ, ಗುಡಿಗೆ ಹೋಗೂದೂ ಕಡಿಮಿ. ಆದ್ರ ಲಾಭ ತಗದಿಡದ ಒಂದು ಅಂದ್ರ ಅಪ್ಪ ಹಿಂದ ನಿಂತು ನೋಡಿದಂಗ ಆಗತಿತ್ತು. ಅಳಿಯ ಒಂದಿನ ಬಳಿ ತೂಗಹಾಕೂ ಕಟಗಿ ಚೌಕಟ್ಟು ತಂದು ಮೂಲ್ಯಾಗ ನಿಲ್ಲಿಸಿ ಹೋದ. ನಾನು ಅದರ ಕಡೆ ಬೆನ್ನು ಮಾಡಿ ಕುಂತು ಸುತ್ತಿದೆ.

ಪರೀಕ್ಷಾಕ್ಕ ನಾಲ್ಕು ದಿನ ಇತ್ತು. ಮೇಸ್ತ್ರಿ ಒಂದು ಹಳೇ ಕಾಯಿಲ್ ಕೈಲೆ ತಡವಿ ನೋಡತಿದ್ರು.

"ನೋಡಬೇ, ಇದಕ್ಕೂ ಬಾಲ ಇಲ್ಲ" ಅಂದ್ರು.

ನಾನು ಹೇಳಿಸ್ಕೊಂಡು ಹೇಳಿಸ್ಕೊಂಡು ರೂಢಿ ಆದಾಕಿ. ಆದ್ರ ಅವತ್ತು ಆ ಮಾತು ಕೇಳಿ ಕೈಯಾಗಿನ ತಂತಿ ಬಿಟ್ಟು ಕುಂತೆ. ಒಂದು ಸುತ್ತು ಹೆಚ್ಚು ಅಂತ ಬೈಸ್ಕೋತೇನಿ, ಒಂದು ಗೇಣು ಬಾಲ ಕಡಿಮಿ ಅಂತಾನೂ ಬೈಸ್ಕೋತೇನಿ. ಎರಡೂ ಬೈಗುಳ ಒಂದ ತಂತಿ ತುಂಡಿನ ಸಲುವಾಗಿ.

ಪರೀಕ್ಷಾ ದಿನ ಸಾಹೇಬ್ರು ಹೋದ ಸಲದವರ ಇದ್ರು. ನನ್ನ ನೋಡಿ ಗುರುತು ಹಿಡದ್ರು. ಬ್ಯಾರೆ ಏನೂ ಕೇಳಲಿಲ್ಲ, ನೆಟ್ಟಗ ಪೈಪು, ತಂತಿ ಕೊಟ್ಟು ಹತ್ತು ಸುತ್ತು ಅಂದ್ರು. ನಾನು ತಂತಿ ತಗೊಂಡು ಮೊದಲನೇ ಸುತ್ತು ನನ್ನ ಎಡಗೈ ತೋರಬೆರಳಿಗೆ ಹಾಕಿದೆ. ಲಾಭ ಅಂದೆ, ಜೋರಾಗೇ ಅಂದೆ. ಆಮ್ಯಾಲ ಪೈಪಿನ ಮ್ಯಾಲ ಒಂದು, ಎರಡು, ಮೂರು. ಹತ್ತಕ್ಕ ನಿಂದರ್ಸಿದೆ. ಬೆರಳಿನ ಸುತ್ತು ಬಿಚ್ಚಿ, ನೀಟ ಮಾಡಿ, ಜಗ್ಗಿ ಬಿಟ್ಟೆ. ಇನ್ನೊಂದು ತುದಿಗೂ ಅಷ್ಟ ಬಿಟ್ಟು ಕತ್ತರಿಸಿ ಕೊಟ್ಟೆ.

ಸಾಹೇಬ್ರು ಪೆನ್ಸಿಲ್ ತಗದು ಎಣಿಸಿದ್ರು. ಎರಡು ಸಲ ಎಣಿಸಿದ್ರು.

"ದೇವರದು ಎಲ್ಲಿ ಹೋತು?"

"ಅದ ಬಾಲ ಆಗೇತ್ರಿ. ಕರೆಂಟ್ ಬರೂದು ಮೊದಲ ಅದರಾಗ ಹಾದು ಬರಬೇಕು" ಅಂದೆ.

ಬಾಲ ಹಿಡದು ಜಗ್ಗಿ ನೋಡಿದ್ರು. ಹನ್ನೊಂದು ಆಗಿದ್ರ ಏನಾಗತಿತ್ತು ಅಂತ ಕೇಳಿದ್ರು. ಜೋಕಾಲಿ ಹೇಳಿದೆ, ಹಗ್ಗ ಹೇಳಿದೆ, ಹನ್ನೊಂದು ಪಾಲಿನ್ಯಾಗ ಒಂದು ಪಾಲು ಹೇಳಿದೆ. ನೀವು ಎಲ್ಲಿ ತನಕ ಓದೀರಿ ಅಂದ್ರು. ನಾಲ್ಕನೇತ್ತ ಅಂದೆ. ಈ ಪಾಲಿನ ಲೆಕ್ಕ ಯಾರು ಕಲಸಿದ್ರು ಅಂದ್ರು. ಅರ್ಧ ಮೇಸ್ತ್ರಿ, ಅರ್ಧ ಅಪ್ಪ ಅಂದೆ. ಅವರ ಮಾರಿ ಆವಾಗೂ ನಗೂ ಮಾರಿ ಆಗಲಿಲ್ಲ, ಆದ್ರ ಆ ಕಾಯಿಲ್ ಒಗೀಲಿಲ್ಲ, ತಮ್ಮ ಮೇಜಿನ ಖಾನ್ಯಾಗ ಇಟ್ಕೊಂಡ್ರು.

ಪರ್ಮಿಟ್ ಯುಗಾದಿಗೆ ಎರಡು ದಿನ ಇದ್ದಾಗ ಬಂತು. ಮೇಸ್ತ್ರಿ ಅದನ್ನ ಮೂಗಿಗೆ ಹಚ್ಚಿ ನೋಡಿದ್ರು, ಕಾಣಲಿಲ್ಲ, ಓದಿಸಿದ್ರು. ಬಳಿ ಚೌಕಟ್ಟು ತಗೊಂಡು ಹೋಗು ಅಂತ ಅಳಿಯಗ ಹೇಳಿ ಕಳಿಸಿದ್ರು. ಅಂವ ಬಂದಾಂವ ಚೌಕಟ್ಟು ಒಯ್ಯಲಿಲ್ಲ, ಸುರುಳಿ ತೂಗಹಾಕಾಕ ಬರತೈತಿ, ಇರಲಿ ಬಿಡ್ರಿ ಅಂದ. ಕಡೀತನಕ ಅದರ ಮ್ಯಾಲ ನಾನು ಕಾಯಿಲ್ ತೂಗಹಾಕಿದೆ.

ಮೇಸ್ತ್ರಿ ನನಗ ಒಂದ ಕೆಲಸ ಹೇಳಿದ್ರು. ಮೊದಲು ಹಳೇ ರೇಡಿಯೋ ಸರಿ ಮಾಡಿ ಬಾ, ಆಮ್ಯಾಲ ಹೊಸಾದು ಅಂದ್ರು. ಸರಿ ಅನಸಿತು. ಬೆಸಗಿ ಹಾಕೂ ಸಾಮಾನು ಚೀಲದಾಗ ಹಾಕ್ಕೊಂಡು ಮೊದಲನೇ ಊರು ಮುಶಿಗೇರಿಗೆ ಹೋದೆ. ಅಲ್ಲಿ ಪಾರವ್ವ ಅಂತ ಒಬ್ಬಾಕಿ ಮುದಕಿ ಇದ್ಲು, ರೇಣುಕಾನ ಮುತ್ತಜ್ಜಿ. ಕಟ್ಟಿ ಮ್ಯಾಲ ಕುಂತು ಕಡ್ಲಿ ಹಸನ ಮಾಡತಿದ್ಲು, ಬಾಜೂಕ ರೇಡಿಯೋ. ಯವ್ವಾ, ಇದರಾಗ ನನ್ನ ತಪ್ಪೊಂದು ಐತಿ, ಬಿಚ್ಚಿ ಸರಿ ಮಾಡಿ ಕೊಡತೇನಿ, ಏನೂ ಕೊಡೂದು ಬ್ಯಾಡ ಅಂದೆ. ರೇಡಿಯೋ ತನ್ನ ಕಡೆ ಜಗ್ಗಿಕೊಂಡ್ಲು.

"ಏನ ತಪ್ಪೈತಿ? ಚಲೋ ಹಾಡತೈತಿ."

ಮುಳ್ಳು ತಪ್ಪು ಜಾಗಾದಾಗ ನಿಲ್ಲತೈತಿ ಅಂತ ಹೇಳಿದೆ. ಆಕಿ ರೇಡಿಯೋ ತಿರುಗಿಸಿ ಗಾಜು ತೋರಿಸಿದ್ಲು. ಗಾಜಿನ ಮ್ಯಾಲ ಹಣಿಗೆ ಹಚ್ಚೂ ಕೆಂಪು ಟಿಕಳಿ ಒಂದು ಅಂಟಿಸಿತ್ತು, ಎರಡು ಬೆರಳು ಬಲಕ್ಕ. ಆಕಿಗೆ ಅಂಕಿ ಓದಾಕ ಬರತಿರಲಿಲ್ಲ. ಮುಳ್ಳು ಟಿಕಳಿ ಕೆಳಗ ಬಂದ್ರ ಧಾರವಾಡ, ಅಷ್ಟ. "ನೀ ಸರಿ ಮಾಡಿ ಹೋಗತಿ, ನಾ ನಾಳೆ ಧಾರವಾಡ ಎಲ್ಲಿ ಹುಡುಕ್ಲಿ?" ಅಂದ್ಲು. ಟಿಕಳಿ ಕಿತ್ತು ಬ್ಯಾರೆ ಕಡೆ ಹಚ್ಚಿದ್ರಾತು ಅಂದೆ. ಟಿಕಳಿ ಒಮ್ಮೆ ಹಚ್ಚಿದ ಮ್ಯಾಲ ಕೀಳಬಾರದು ಅಂದ್ಲು. ಅದು ರೇಡಿಯೋ ಬೇ, ಹಣಿ ಅಲ್ಲ ಅಂದೆ. ಕೇಳಲಿಲ್ಲ.

ಅಷ್ಟಕ್ಕ ಬಿಡಲಿಲ್ಲ. ನಾನು ಹೋದ ಮ್ಯಾಲ ಇನ್ಯಾರರ ಶಾಣ್ಯಾ ಬಂದು ಬಿಚ್ಚಿದ್ರ ಅಂತ ಆಕಿಗೆ ಹೆದರಿಕಿ ಸುರುವಾತು. ಬರದು ಕೊಟ್ಟು ಹೋಗು ಅಂತ ಕುಂತ್ಲು. ಬರದೆ. ಯಾರು ಬರದಾರ ಅಂತ ಗೊತ್ತಾಗಬೇಕಲ್ಲ, ಹೆಸರು ಹಾಕು ಅಂದ್ಲು. ಸಹಿ ಮಾಡಿದೆ. ಪರ್ಮಿಟ್ ನಂಬರು ಬಾಯಿಪಾಠ ಆಗಿತ್ತು, ಅದನ್ನೂ ಹಾಕಿದೆ. ಮುಚ್ಚಳದೊಳಗ ಅಂಟಿಸಿ, ಬಿಗಿ ಮಾಡಿ, ಆಕಿ ಕೊಟ್ಟ ಚಾ ಕುಡದು ಬಂದೆ.

ಎರಡು ಸಲ ಪರೀಕ್ಷಾ ಕೊಟ್ಟು ಗಳಿಸಿದ ಪರ್ಮಿಟ್ ನಂಬರಿನ ಮ್ಯಾಲ ನಾನು ಹಾಕಿದ ಮೊದಲನೇ ಸಹಿ ಅದು, ನನ್ನ ತಪ್ಪಿನ ಮ್ಯಾಲ. ಮೇಸ್ತ್ರಿಗೆ ಹೇಳಿದೆ. ಬರೂ ಸಲ ಟಿಕಳಿ ಒಯ್ಯಿ, ಬಾಕಿ ಊರಾಗೂ ಅದ ಮಾಡು, ಲಗೂ ಮುಗೀತೈತಿ ಅಂದ್ರು.

ಹುಡುಗ್ಯಾರ, ನಿಮ್ಮ ಪರೀಕ್ಷಾದಾಗ ಯಾರೂ ಸುತ್ತಾಕ ಹೇಳೂದಿಲ್ಲಂತ, ನಾಲ್ಕು ಉತ್ತರದಾಗ ಒಂದಕ್ಕ ಗುರುತು ಹಾಕಿದ್ರ ಮುಗೀತಂತ. ಹಾಕ್ರಿ. ರೇಣುಕಾ ನಿನ್ನೆ ಮೀಟರ್ ಹಚ್ಚಿ ನೋಡಿ, ಆಯಿ, ಹನ್ನೊಂದು ಪಾಲಿಗೆ ಒಂದು ಪಾಲ ಕಡಿಮಿ ಐತಿ, ಹೆಚ್ಚಿನ ಸುತ್ತು ಬಿಚ್ಚಲೇನು ಅಂತ ಕೇಳಿದ್ಲು. ಗಾಜಿನ ಮ್ಯಾಲ ಟಿಕಳಿ ಇನ್ನೂ ಐತಿ, ಬಣ್ಣ ಹೋಗೇತಿ ಅಷ್ಟ.

ಚೀಟಿ ಓದು ಅಂದೆ.